ಕಹಿಯ ಋಣ

ಬೇಸಿಗೆ ಬಂತೆಂದರೆ ಆ ಮನೆಯವರು ಮುಖ ತೊಳೆಯುವುದಕ್ಕೂ ಮೊದಲು ಕುಡುಗೋಲು ಹಿಡಿಯುತ್ತಿದ್ದರು. ಹೊತ್ತು ಮೂಡುವ ಮುಂಚೆ ಬಸ್ ಡಿಪೋದ ಗೋಡೆಯುದ್ದಕ್ಕೂ ನಡೆದು, ಜಲ್ಲಿಯಲ್ಲಿ, ಚರಂಡಿಯ ಅಂಚಿನಲ್ಲಿ, ಕೆಟ್ಟು ನಿಂತ ಬಸ್ಸುಗಳ ಚಕ್ರದ ಸಂದಿಯಲ್ಲಿ ತಾವಾಗಿ ಎದ್ದ ಕಾಡು ಚಿಕೋರಿಯನ್ನೆಲ್ಲ, ಅದರ ನೀಲಿ ಹೂ ಕಣ್ಣು ಬಿಡುವ ಮೊದಲೇ, ಸವರಿ ಹಾಕಿ ಬರಬೇಕು. ನೋಡಿದವರಿಗೆ ಇದೊಂದು ಹುಚ್ಚು.

“ಏನಮ್ಮಾ, ಮುನಿಸಿಪಾಲಿಟಿಯವರು ಸಂಬಳ ಕೊಡ್ತಾರಾ?” ಎಂದು ಡಿಪೋದ ಕಾವಲುಗಾರ ಒಮ್ಮೆ ಕೇಳಿದ್ದ.

“ಕೊಟ್ಟರೆ ನಿನಗೂ ಅರ್ಧ ಕೊಡ್ತೀನಿ, ಆ ಬಸ್ಸಿನಡಿ ಬಗ್ಗಿ ಕೊಯ್ಯಿ ಬಾ,” ಎಂದರು ಆ ಮನೆಯ ಹಿರಿಯಾಕೆ, ಅತ್ತೆ. ಆಮೇಲೆ ಅವನು ಕೇಳುವುದನ್ನು ಬಿಟ್ಟ.

ಹುಚ್ಚೇನಲ್ಲ, ಅದಕ್ಕೊಂದು ಕಾರಣವಿತ್ತು. ಗೋಡೆಯ ಈಚೆ ಅವರ ತೋಟ. ತೋಟದಲ್ಲಿ ಎರಡೇ ಬೆಳೆ, ಎಂಡೈವ್ ಮತ್ತು ಚಿಕೋರಿ. ಎಂಡೈವ್ ಅಂದರೆ ಗುಂಗುರು ಕೂದಲಿನ ಮಗುವಿನ ತಲೆಯಂಥ ಸೊಪ್ಪು. ಬಲಿತ ಮೇಲೆ ಎಲೆಗಳನ್ನು ಮೇಲಕ್ಕೆತ್ತಿ ಜುಟ್ಟು ಕಟ್ಟಿದಂತೆ ದಾರ ಬಿಗಿದರೆ, ಬೆಳಕು ಕಾಣದ ಒಳಗಿನ ಎಲೆ ಬೆಳ್ಳಗಾಗಿ ಕಹಿ ತಗ್ಗುತ್ತದೆ. ಚಿಕೋರಿಯದು ಇನ್ನೂ ದೊಡ್ಡ ಕಥೆ. ಕಾಫಿಪುಡಿಗೆ ಬೆರೆಸುತ್ತಾರಲ್ಲ, ಅದು ಅದರ ಬೇರನ್ನು ಹುರಿದದ್ದು. ಈ ಮನೆಯಲ್ಲಿ ಬೇರನ್ನು ಹುರಿಯುತ್ತಿರಲಿಲ್ಲ. ಚಳಿ ಶುರುವಾದ ಮೇಲೆ ಅಗೆದು, ಮೇಲಿನ ಸೊಪ್ಪು ಕತ್ತರಿಸಿ, ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ ಮರಳು ತುಂಬಿದ ಪೆಟ್ಟಿಗೆಗಳಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಕತ್ತಲಲ್ಲೇ ಅದು ಮತ್ತೆ ಚಿಗುರಿ, ಮುಷ್ಟಿ ಬಿಗಿಹಿಡಿದಂಥ ಬಿಳಿ ಮೊಗ್ಗೊಂದನ್ನು ಕೊಡುತ್ತಿತ್ತು. ಊರಿನ ದೊಡ್ಡ ಹೋಟೆಲು ಚಳಿಗಾಲವಿಡೀ ಆ ಬಿಳಿ ಮೊಗ್ಗಿಗೆ ಕಾದಿರುತ್ತಿತ್ತು; ಮನೆಯ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ.

ಎಂಡೈವ್ ಬೀಜಕ್ಕೆ ಯಾರೂ ಕಾವಲು ಕಾಯಬೇಕಾಗಿರಲಿಲ್ಲ. ಅದು ತನ್ನ ಪಾಡಿಗೆ ತಾನು ಹೂ ಬಿಟ್ಟು, ತನ್ನಿಂದ ತಾನೇ ಬೀಜ ಕಟ್ಟುವ ಮರ್ಯಾದಸ್ಥ ಗಿಡ. ಚಿಕೋರಿ ಹಾಗಲ್ಲ, ಒಂಟಿಯಾಗಿದ್ದರೆ ಬೀಜವನ್ನೇ ಕಟ್ಟುವುದಿಲ್ಲ. ನೆಂಟಸ್ತನ ಬೇಕೇ ಬೇಕು. ಗೋಡೆಯಾಚೆಯ ಬೀದಿ ಗಿಡವೂ ಈಚೆಯ ತೋಟದ ಗಿಡವೂ ಒಂದೇ ಕುಲ, ಒಂದೇ ನೀಲಿ. ಜೇನುನೊಣವೊಂದು ಮದುವೆ ದಲ್ಲಾಳಿಯ ಹಾಗೆ ಅಲ್ಲಿಂದಿಲ್ಲಿಗೆ ಓಡಾಡಿದರೆ ಮುಗಿಯಿತು, ಮುಂದಿನ ಬೆಳೆಯಲ್ಲಿ ಒರಟೆಲೆ, ಕೆಂಪು ನರ, ಬಿಡಿಬಿಡಿಯಾದ ಮೊಗ್ಗು, ಗಂಟಲು ಹಿಡಿಯುವ ಕಹಿ. ಅದಕ್ಕೇ ಕುಡುಗೋಲು.

ಚಿಕೋರಿ ಬೀಜವಿದ್ದದ್ದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಮಾವ ಬದುಕಿದ್ದಾಗ ಮಾಡಿಟ್ಟ ಕ್ರಮವೊಂದಿತ್ತು: ಡಬ್ಬಿ ಎಂದೂ ಬರಿದಾಗಬಾರದು. ಹಳೆಯ ಬೀಜದ ಮೇಲೆಯೇ ಹೊಸ ಬೀಜ ಸುರಿದು ಕಲಕಬೇಕು. ಒಂದು ವರ್ಷ ಕೈಕೊಟ್ಟರೆ ಇನ್ನೊಂದು ವರ್ಷ ಕೈಹಿಡಿಯುತ್ತದೆ. ಬೀಜಕ್ಕೆ ಯಾವ ಗಿಡ ಬಿಡಬೇಕೆಂದು ಆರಿಸುವುದು ಅತ್ತೆಯ ನಾಲಿಗೆ. ಒಂದೊಂದು ಬೇರಿನ ತಲೆಯಿಂದ ಎಲೆಯ ಚೂರು ಚಿವುಟಿ, ಮುಂಬಲ್ಲಿನಲ್ಲಿ ಕಚ್ಚಿ, “ಇರಲಿ” ಅಥವಾ “ತೆಗಿ” ಅನ್ನುತ್ತಿದ್ದರು. ಆ ಮನೆಯ ಹೈಕೋರ್ಟು ಅದು. ಮೇಲ್ಮನವಿ ಇರಲಿಲ್ಲ.

ಸೊಸೆ ಈ ಮನೆಗೆ ಬರುವ ಮೊದಲು ಚೀಲದ ಕಾರ್ಖಾನೆಯಲ್ಲಿ ಜಿಪ್ಪು ಹೊಲಿಯುತ್ತಿದ್ದವಳು. ಸೊಪ್ಪೆಂದರೆ ಹಸಿರು, ಹಸಿರೆಂದರೆ ಸೊಪ್ಪು, ಅಷ್ಟೇ ಗೊತ್ತಿದ್ದದ್ದು. ಬಂದ ವರ್ಷವೇ ಬಸುರಿಯಾದಳು, ಜತೆಗೇ ವಾಂತಿಯೂ ಶುರುವಾಯಿತು. ಉಳಿದವರಿಗೆ ಬೆಳಗ್ಗೆ ಬರುವುದು ಇವಳಿಗೆ ಇಡೀ ದಿನ ಬಂತು. ಬ್ರೆಡ್ಡು ನಿಲ್ಲಲಿಲ್ಲ, ಹಾಲು ನಿಲ್ಲಲಿಲ್ಲ, ನೀರು ಕೂಡ ಬಾಡಿಗೆ ಮನೆ ನೋಡಲು ಬಂದವರ ಹಾಗೆ ಒಳಗೆ ಹೋಗಿ ಇಣುಕಿ ಹೊರಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಏರಿಸಿ ಕಳಿಸುತ್ತಿದ್ದರು. ಮಗು ನಿಲ್ಲುವುದೋ ಇಲ್ಲವೋ ಎಂದು ಡಾಕ್ಟರು ಬಾಯಿ ಬಿಟ್ಟು ಹೇಳಲಿಲ್ಲ. ಅವರ ಪೆನ್ನು ಮಾತ್ರ ಕಾಗದದ ಮೇಲೆ ತಡೆದು ತಡೆದು ಓಡುತ್ತಿತ್ತು.

ಹಾಗೆ ಒಂದು ದಿನ ಆಸ್ಪತ್ರೆಯಿಂದ ಬರುವಾಗ ಡಿಪೋದ ಹಿಂದಿನ ಗೇಟಿನ ಹತ್ತಿರ ತಲೆ ಸುತ್ತಿ ನೆಲಕ್ಕೆ ಕೂತುಬಿಟ್ಟಳು. ಗಂಡ ಸೋಡಾ ತರಲು ಓಡಿದ. ಚಳಿಗಾಲ. ಗೋಡೆಯ ಬುಡದಲ್ಲಿ, ನೆಲವನ್ನು ತಬ್ಬಿಕೊಂಡಂತೆ ಒಂದು ಸೊಪ್ಪು ಚಕ್ರವಾಗಿ ಹರಡಿತ್ತು. ಯಾಕೆ ಕಿತ್ತಳೋ, ಯಾಕೆ ಬಾಯಿಗಿಟ್ಟಳೋ, ಅವಳಿಗೂ ಗೊತ್ತಿಲ್ಲ. ಎಲೆಯಿಂದ ಹಾಲು ಜಿನುಗಿತು. ಆ ಕಹಿಗೆ ಕಿವಿಯವರೆಗೆ ಝುಮ್ಮೆಂದಿತು. ಅಳುವ ಮಗುವಿಗೆ ಯಾರೋ ಗದರಿಸಿದಂತೆ ಹೊಟ್ಟೆ ಬೆಚ್ಚಿ ಸುಮ್ಮನಾಯಿತು. ಗಂಡ ಬಂದು ನೋಡಿದರೆ ಹೆಂಡತಿ ಗೋಡೆಗೊರಗಿ ಮೆಲುಕು ಹಾಕುತ್ತಿದ್ದಾಳೆ.

“ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ,” ಎಂದ ಅವನು. “ನಾನು ಆಡನ್ನೇ ಕಟ್ಟಿಕೊಂಡಿದ್ದೀನಿ ಅಂತ ಯಾರೂ ಹೇಳಲಿಲ್ಲ ನೋಡು.”

ಆಡು ಎಂಬ ಹೆಸರು ಅಂದಿನಿಂದ ಅಂಟಿಕೊಂಡಿತು. ಆಡು ದಿನಾ ಹಿಂದಿನ ಗೇಟಿಗೆ ಹೋಗಿ ನಾಲ್ಕು ಎಲೆ ಕಿತ್ತು ತಿಂದು, ಅದರ ಮೇಲೆ ಒಂದು ಚೂರು ಬ್ರೆಡ್ಡು ತಿಂದು, ಅದು ನಿಂತದ್ದನ್ನು ನಂಬಲಾರದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದಳು. ಸೊಪ್ಪಿನ ಗುಣವೋ, ತಿಂಗಳು ಕಳೆದು ವಾಂತಿ ತಾನಾಗಿ ನಿಂತದ್ದೋ! ಡಾಕ್ಟರು ಎರಡನೆಯದೇ ಅಂದರು. ಇರಬಹುದು. ಆದರೆ ಹಸಿದವಳಿಗೆ ಅನ್ನ ಹಾಕಿದ್ದು ಯಾರೆಂದು ಹಸಿದವಳಿಗೆ ಗೊತ್ತಿರುತ್ತದೆ. ಮಗಳು ಹುಟ್ಟಿದಳು, ಗಂಟಲು ಹರಿಯುವಂತೆ ಅತ್ತಳು, ಬೆಳೆದಳು.

ಆ ಮಗಳು ತೊದಲುವ ಹೊತ್ತಿಗೆ ಅತ್ತೆ ವಿಪರೀತ ಜ್ವರ ಬಂದು ಹಾಸಿಗೆ ಹಿಡಿದರು. ಜ್ವರ ಬಿಟ್ಟ ಮೇಲೂ ದೂರ ನಡೆಯಲಾಗುತ್ತಿರಲಿಲ್ಲ. ಬೆಳಗಿನ ಕುಡುಗೋಲು ಸೊಸೆಯ ಕೈಗೆ ಬಂತು.

ಅವಳು ಕೆಲಸಗಳ್ಳಿಯಲ್ಲ. ಬಸ್ಸಿನಡಿ ತೂರಿ ಕೊಯ್ದಳು, ಚರಂಡಿಗಿಳಿದು ಕೊಯ್ದಳು. ಹಿಂದಿನ ಗೇಟಿನ ಹತ್ತಿರ ಬಂದಾಗ ಕೈ ನಿಂತಿತು. ಗಿಡ ಅವಳ ಎದೆಮಟ್ಟ ಎದ್ದಿತ್ತು. ಕಡ್ಡಿಗೆ ಅಂಟಿದಂತೆ ಮೊಗ್ಗು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತಾರೆ. ಕಹಿ ತಿಂದ ಗಿಡಕ್ಕೆ ಕತ್ತಿ ಹಾಕಬಹುದು ಅಂತ ಯಾರೂ ಹೇಳಿಲ್ಲ. ಒಂದೇ ಒಂದು ಗಿಡ ತಾನೆ, ಅಂದುಕೊಂಡಳು. ತೋಟದಿಂದ ಎಷ್ಟು ದೂರ. ನೊಣಕ್ಕೆ ಬೇರೆ ಕೆಲಸವಿಲ್ಲವೇ. ಆ ಬೇಸಿಗೆ ಬಿಟ್ಟಳು, ಅದರ ಮುಂದಿನ ಬೇಸಿಗೆಯೂ ಬಿಟ್ಟಳು. ತೋಟದ ಬೀಜ ಬಲಿತಾಗ ಒಣಗಿಸಿ, ಬಡಿದು, ತೂರಿ, ಕ್ರಮದಂತೆ ಡಬ್ಬಿಯೊಳಗೆ ಹಳೆಯದರ ಮೇಲೆ ಸುರಿದು ಕಲಕಿದಳು.

ಮನೆಯಲ್ಲಿ ಆಗ ಇನ್ನೊಂದು ಬದಲಾವಣೆಯೂ ಆಗಿತ್ತು. ಅತ್ತೆ ಮಾಡುವ ಸೂಪಿನಲ್ಲಿ ಉಪ್ಪು ಹೆಚ್ಚಾಗತೊಡಗಿತ್ತು. ಮಗ ಒಂದು ಚಮಚ ಸೂಪಿಗೆ ಒಂದು ಲೋಟ ನೀರು ಕುಡಿದು, “ಅಮ್ಮ, ಸಮುದ್ರ ಇಲ್ಲಿಗೆ ಹತ್ತಿರಾನಾ?” ಎಂದ. “ವಯಸ್ಸಾಯ್ತು, ಕೈ ಜಾರುತ್ತೆ,” ಎಂದರು ಅತ್ತೆ. ಅಷ್ಟಕ್ಕೇ ಮಾತು ಮುಗಿಯಿತು.

ಮುಂದಿನ ಚಳಿಗಾಲ ಮೆಟ್ಟಿಲ ಕೆಳಗೆ ಮೊಗ್ಗು ಬಂದಾಗ ಸೊಸೆ ಒಳಗೆ ಹೋದಳು. ಟಾರ್ಚಿಗೆ ಬಟ್ಟೆ ಸುತ್ತಿ ನೋಡಿದಳು. ಅರ್ಧ ಪೆಟ್ಟಿಗೆಯಲ್ಲಿ ಬಿಗಿ ಮುಷ್ಟಿ. ಇನ್ನರ್ಧದಲ್ಲಿ ತೆರೆದ ಅಂಗೈಗಳು, ತೆಳ್ಳಗೆ, ಕೆಂಪು ಗೀರಿನವು. ಗಂಡ, “ಈ ಸಲ ಮರಳು ಸರಿಯಿಲ್ಲ ಕಣೇ,” ಎನ್ನುತ್ತ ಚೆನ್ನಾಗಿ ಕಂಡವನ್ನು ಮೇಲೆ ಜೋಡಿಸಿ ಹೋಟೆಲಿಗೆ ಕೊಟ್ಟುಬಂದ. ಮಾರನೆಯ ದಿನ ಹೋಟೆಲಿನ ಅಡುಗೆಯವನೇ ಪೆಟ್ಟಿಗೆ ಹೊತ್ತು ಬಂದ. ಅವನಿಗೆ ಊರೆಲ್ಲ ದೊಡ್ಡಹೊಟ್ಟೆ ಎನ್ನುತ್ತಿತ್ತು. ಅವನೂ ತನ್ನನ್ನು ಹಾಗೇ ಕರೆದುಕೊಳ್ಳುತ್ತಿದ್ದ.

“ಅಕ್ಕ, ದೊಡ್ಡಹೊಟ್ಟೆ ನಿಮ್ಮ ಸೊಪ್ಪನ್ನ ಇವತ್ತಿನ ತನಕ ವಾಪಸು ತಂದಿದ್ದಾನಾ?” ಎಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. “ನಿನ್ನೆ ಒಬ್ಬ ಗಿರಾಕಿ ಒಂದು ತುತ್ತು ತಿಂದು ನನ್ನನ್ನ ಹೊರಗೆ ಕರೆಸಿದ. ವಿಷ ಹಾಕೋದಾದ್ರೆ ಬಿಲ್ಲು ಯಾಕೆ ಕೊಡ್ತೀರಿ ಅಂದ.”

“ಕೊಡಿಲ್ಲಿ,” ಎಂದು ಅತ್ತೆ ಒಂದು ಎಲೆ ಕಿತ್ತರು. ಕೆಂಪು ಗೀರಿನದು. ಮುಂಬಲ್ಲಿನಲ್ಲಿ ಕಚ್ಚಿದರು, ಅಗಿದರು, ನುಂಗಿದರು. “ಚೆನ್ನಾಗೇ ಇದೆಯಲ್ಲಪ್ಪ. ಮೆತ್ತಗಿದೆ.”

ದೊಡ್ಡಹೊಟ್ಟೆ ಸೊಸೆಯ ಮುಖ ನೋಡಿದ. ಸೊಸೆ ಅದೇ ಎಲೆಯ ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ, ಬಾಗಿಲು ದಾಟಿ ಹೋದವನು ನೆನಪಾಗಿ ತಿರುಗಿ ಬಂದ ಹಾಗೆ, ಗಂಟಲ ಬುಡದಿಂದ ಕಹಿ ಎದ್ದು ಬಂತು. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಕಹಿ. ಹಿಂದಿನ ಗೇಟಿನದು.

ಅಡುಗೆಯವನನ್ನು ಗಂಡ ಹೇಗೋ ಸಮಾಧಾನ ಮಾಡಿ, ಎಂಡೈವ್ ಜುಟ್ಟುಗಳನ್ನು ಪೆಟ್ಟಿಗೆ ತುಂಬ ಕೊಟ್ಟು ಕಳಿಸಿದ. ಅತ್ತೆ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ಸೊಸೆಯೂ ಹಿಂದೆಯೇ ಹೋದಳು. ಒಳಗೆ ಕತ್ತಲು, ಒದ್ದೆ ಮರಳಿನ ವಾಸನೆ.

“ಯಾರು?”

“ನಾನು, ಅತ್ತೆ.”

“ನೀನೇ ಅಂತ ಗೊತ್ತು. ನನ್ನ ಮಗ ಆಗಿದ್ದರೆ ಇಷ್ಟು ಹೊತ್ತಿಗೆ ಮೆಟ್ಟಿಲಿಗೆ ತಲೆ ಹೊಡಕೊಂಡಿರ್ತಿದ್ದ.” ಆಮೇಲೆ ದನಿ ತಗ್ಗಿಸಿ, “ಕಹಿ ಇತ್ತಾ?” ಎಂದರು.

“ಇತ್ತು.”

“ನನಗೆ ಕಾಗದ ಅಗಿದ ಹಾಗಿತ್ತು ಕಣೇ. ಜ್ವರ ಬಿಟ್ಟಾಗಿಂದ ಹೀಗೇ. ಉಪ್ಪಿಲ್ಲ, ಸಿಹಿಯಿಲ್ಲ, ಏನೂ ಇಲ್ಲ. ಬೀಜದ ಬೇರನ್ನ ಬರೀ ಕಣ್ಣಲ್ಲಿ ನೋಡಿ ಆರಿಸ್ತಿದ್ದೆ. ಹೇಳೋಕೆ ನಾಚಿಕೆ ಆಯ್ತು. ಈ ಮನೇಲಿ ನಾನು ಅಂದರೆ ಇನ್ನೇನು? ಒಂದು ನಾಲಿಗೆ. ಅದೂ ಸತ್ತ ಮೇಲೆ...” ಅತ್ತೆಯ ಬೆರಳು ಪೆಟ್ಟಿಗೆಯ ಅಂಚನ್ನು ತಡವುವುದು ಕೇಳಿತು. “ನಿಮ್ಮ ಮಾವ ಕಟ್ಟಿದ ತಳಿ. ನನ್ನ ಕೈಯಾರೆ ಹಾಳು ಮಾಡಿದೆ.”

ಸೊಸೆಗೆ ತಡೆಯಲಾಗಲಿಲ್ಲ. “ನೀವಲ್ಲ ಅತ್ತೆ, ನಾನು. ಹಿಂದಿನ ಗೇಟಿನ ಗಿಡ ಕೊಯ್ಯಲಿಲ್ಲ. ಎರಡು ಬೇಸಿಗೆ.”

ಕತ್ತಲಲ್ಲಿ ಮುಖ ಕಾಣುವುದಿಲ್ಲವೆಂಬುದೇ ಒಂದು ಉಪಕಾರ.

“ಯಾಕೆ?”

“ಅದನ್ನ ತಿಂದೇ ಮಗಳನ್ನ ಹೆತ್ತದ್ದು. ಕೈ ಬರಲಿಲ್ಲ.”

“ಕೈ ಬರಲಿಲ್ಲ!” ಅತ್ತೆ ಎದ್ದು ನಿಂತದ್ದು ಬಟ್ಟೆಯ ಸದ್ದಿನಿಂದ ಗೊತ್ತಾಯಿತು. “ಬೇಲಿ ಕಾಯೋಕೆ ಆಡನ್ನ ಬಿಟ್ಟೆನಲ್ಲ, ನನ್ನ ಬುದ್ಧಿಗಿಷ್ಟು!” ಎಂದು ಬಾಗಿಲು ತೆರೆದು ಹೊರಟುಹೋದರು.

ಆಮೇಲೆ ಅತ್ತೆ ಸೊಸೆಯೊಡನೆ ಮಾತಾಡಿದ್ದು ಮೊಮ್ಮಗಳ ಮೂಲಕ. “ನಿಮ್ಮಮ್ಮನಿಗೆ ಹೇಳು, ಹಾಲು ಉಕ್ತಾ ಇದೆ ಅಂತ.” ಮೂರು ವರ್ಷದ ಮಗು ಗಂಭೀರವಾಗಿ ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಗೆ ನಡೆದು ಸುದ್ದಿ ಮುಟ್ಟಿಸುವ ಹೊತ್ತಿಗೆ ಹಾಲು ಉಕ್ಕಿ ಒಲೆ ಆರಿರುತ್ತಿತ್ತು. ಗಂಡ ಅತ್ತ ದರಿ ಇತ್ತ ಪುಲಿ ಎಂಬಂತೆ ಊಟದ ತಟ್ಟೆಯನ್ನೇ ನೋಡುತ್ತ ಉಣ್ಣುತ್ತಿದ್ದ.

ಚಳಿ ಇಳಿಯುತ್ತಿತ್ತು. ಬೀಜಕ್ಕೆಂದು ಮೊಗ್ಗು ಕೊಯ್ಯದೆ ಉಳಿಸಿದ ಬೇರುಗಳು ತೋಟದ ಮೂಲೆಯ ಮರಳುಗುಡ್ಡೆಯಲ್ಲಿದ್ದವು, ತಲೆಯಲ್ಲಿ ಬೆರಳುದ್ದದ ಚಿಗುರು. ಅವುಗಳಲ್ಲಿ ಮನೆಯದ್ಯಾವುದು, ಬೀದಿಯದ್ಯಾವುದು? ಕೆಂಪು ಗೀರಿನವನ್ನು ಕಣ್ಣೇ ಆರಿಸುತ್ತದೆ. ಆದರೆ ಎಷ್ಟೋ ಬೇರುಗಳು ತಾಯಿಯ ಮುಖ ಹೊತ್ತು ಹೊಟ್ಟೆಯಲ್ಲಿ ಬೀದಿಯ ಕಹಿ ಬಚ್ಚಿಟ್ಟುಕೊಂಡಿದ್ದವು. ಒಂದು ತಪ್ಪಿ ಉಳಿದರೂ ಡಬ್ಬಿ ಮತ್ತೆ ಕೆಡುತ್ತದೆ. ಎಲ್ಲವನ್ನೂ ಎಸೆದರೆ ಮಾವನ ತಳಿ ಅಲ್ಲಿಗೆ ಮುಗಿಯಿತು. ಸೊಸೆ ಎರಡು ದಿನ ಆ ಗುಡ್ಡೆಯ ಸುತ್ತ ಸುಳಿದಳು. ಮೂರನೆಯ ದಿನ ಅತ್ತೆಯ ಎದುರು ಹೋಗಿ ನಿಂತಳು.

“ನಾನು ರುಚಿ ನೋಡ್ತೀನಿ, ಅತ್ತೆ.”

“ನಿಮ್ಮಮ್ಮನಿಗೆ ಹೇಳು, ಕಹಿ ತಿಂದು ಚಪ್ಪರಿಸೋಳು ಕಹಿ ತೀರ್ಪು ಹೇಳಬಾರದು ಅಂತ.”

“ಅದಕ್ಕೇ ನಾನೇ ಹೇಳಬೇಕು. ಮನೆ ಕಹಿ ನಾಲಿಗೆ ತುದೀಲಿ ಬಂದು ಅಲ್ಲೇ ಹೋಗುತ್ತೆ. ಬೀದಿ ಕಹಿ ಮೊದಲು ಮಾತೇ ಆಡೋಲ್ಲ, ಆಮೇಲೆ ಗಂಟಲಿಂದ ಹತ್ತುತ್ತೆ. ನಾನದನ್ನ ತಿಂಗಳುಗಟ್ಟಲೆ ಅನ್ನದ ಹಾಗೆ ತಿಂದಿದ್ದೀನಿ. ನಿಮ್ಮ ನಾಲಿಗೆ ಚೆನ್ನಾಗಿದ್ದಾಗಲೂ ನೀವದನ್ನ ತಿಂದಿರಲಿಲ್ಲ.”

ಅತ್ತೆ ಮೊಮ್ಮಗಳನ್ನು ಪಕ್ಕಕ್ಕೆ ಸರಿಸಿದರು. ಬಹಳ ದಿನಗಳ ನಂತರ ಸೊಸೆಯನ್ನು ನೇರವಾಗಿ ನೋಡಿದರು. “ಕಣ್ಣು ಕಟ್ಟೋ ಇವಳಿಗೆ,” ಎಂದರು ಮಗನಿಗೆ.

ಹಿತ್ತಿಲ ಕಲ್ಲಿನ ಮೇಲೆ ಸೊಸೆಯನ್ನು ಕೂರಿಸಿ ಟವೆಲು ಕಟ್ಟಿದ್ದಾಯಿತು. ಅತ್ತೆ ನೀರಿನ ತೊಟ್ಟಿಯ ಬದಿಯಲ್ಲಿದ್ದ ಮಾವನ ಕಾಲದ ಹಳೆಯ ಒಂಟಿ ಚಿಕೋರಿ ಗಿಡದಿಂದ ಎಲೆ ತರಿಸಿದರು. ಮಗನನ್ನು ಹಿಂದಿನ ಗೇಟಿಗೆ ಓಡಿಸಿ ಆ ಗಿಡದ ಎಲೆಯನ್ನೂ ತರಿಸಿದರು. ಎರಡನ್ನೂ ಒಂದೇ ಅಳತೆಗೆ ಹರಿದು, ತಮ್ಮ ಕೈಯಿಂದಲೇ ಸೊಸೆಯ ಬಾಯಿಗಿಟ್ಟರು.

“ಮನೇದು,” ಎಂದಳು ಸೊಸೆ. ಬಾಯಿ ಮುಕ್ಕಳಿಸಿದಳು. ಮುಂದಿನದಕ್ಕೆ ಸ್ವಲ್ಪ ತಡೆದು, “ಬೀದೀದು.” ಮತ್ತೆ, “ಬೀದೀದು.” ಮತ್ತೆ, “ಮನೇದು.” ಅತ್ತೆ ನಡುವೆ ಒಂದು ಎಂಡೈವ್ ಚೂರನ್ನು ತುರುಕಿದರು. “ಇದೇನಿದು, ಮೋಸ! ಇದು ಗುಂಗುರಿಂದು!” ಎಂದು ಸೊಸೆ ಉಗುಳಿದಳು.

“ಅಮ್ಮ, ನನ್ನ ಶರ್ಟಿನ ತೋಳು ಕೊಡಲಾ? ಅದನ್ನೂ ಯಾವ ಅಂಗಡೀದು ಅಂತ ಹೇಳ್ತಾಳೆ,” ಎಂದ ಗಂಡ.

“ಬಾಯಿ ಮುಚ್ಚಿಕೊಂಡು ಬೇರಿನ ಬುಟ್ಟಿ ತಾ,” ಎಂದರು ಅತ್ತೆ. ಸೊಸೆಯ ಕಣ್ಣಿನ ಟವೆಲನ್ನು ತಾವೇ ಬಿಚ್ಚಿದರು. ಬಿಚ್ಚುವಾಗ ಗಂಟಿಗೆ ಸಿಕ್ಕ ಕೂದಲನ್ನು ನೋವಾಗದಂತೆ ಬಿಡಿಸಿದ್ದು ಸೊಸೆಗೆ ಗೊತ್ತಾಯಿತು.

ಬೇರುಗಳ ತೀರ್ಪು ಒಂದು ವಾರ ನಡೆಯಿತು. ನಾಲಿಗೆ ದಣಿಯುತ್ತದೆಂದು ದಿನಕ್ಕಿಷ್ಟೇ ಎಂದು ಅತ್ತೆ ಹೇಳಿದರು. ನಡುವೆ ಬಾಯಿಗೆ ಸಪ್ಪೆ ಬ್ರೆಡ್ಡು ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ನೋಡಬಾರದು, ಸಿಟ್ಟಿದ್ದಾಗಂತೂ ನೋಡಲೇಬಾರದು, ಎಲ್ಲ ಕಹಿಯಾಗೇ ಕಾಣುತ್ತೆ ಎಂದು ಒಂದೊಂದಾಗಿ ಕಲಿಸಿದರು. ಸೊಸೆ ಕಚ್ಚಿ “ಇರಲಿ” ಅಂದಳು, “ತೆಗಿ” ಅಂದಳು. ಮೊದಲ ದಿನ ಆ ಮಾತು ಅವಳ ಬಾಯಲ್ಲಿ ಬೇರೆ ಯಾರದೋ ಚಪ್ಪಲಿ ಹಾಕಿಕೊಂಡಂತೆ ಸಡಿಲವಾಗಿತ್ತು. ಉಳಿದದ್ದು ಒಂದೇ ಬುಟ್ಟಿ ಬೇರು. ಡಬ್ಬಿಯ ಹಳೆಯ ಬೀಜದಿಂದ ಎದ್ದವು ಅವು. ಹಳೆಯದರ ಮೇಲೆ ಹೊಸದು ಸುರಿಯುವ ಮಾವನ ಕ್ರಮವೇ ಕೆಟ್ಟದ್ದನ್ನು ಬೆರೆಸಿತ್ತು, ಅದೇ ಒಳ್ಳೆಯದನ್ನೂ ಉಳಿಸಿತ್ತು. ಡಬ್ಬಿಯಲ್ಲಿದ್ದುದನ್ನು ಒಲೆಗೆ ಸುರಿದು, ಒಳಗನ್ನು ಒರೆಸಿ, ಆ ಬುಟ್ಟಿ ಬೇರುಗಳನ್ನು ತೋಟದ ನಡುವೆ ನೆಟ್ಟರು. ಡಬ್ಬಿ ಮೊದಲ ಬಾರಿಗೆ ಬರಿದಾಗಿತ್ತು.

ಬೇಸಿಗೆ ಬಂತು. ನೆಟ್ಟ ಬೇರುಗಳು ಕಡ್ಡಿ ಎತ್ತಿದವು, ಮೊಗ್ಗು ಕಟ್ಟಿದವು. ನಾಳೆ ನಾಡಿದ್ದರಲ್ಲಿ ಹೂ ಎನ್ನುವಾಗ ಸೊಸೆ ನಸುಕಿನಲ್ಲಿ ಗೋಡೆಯುದ್ದಕ್ಕೂ ಕೊಯ್ದುಕೊಂಡು ಬಂದು, ಹಿಂದಿನ ಗೇಟಿನಲ್ಲಿ ಕುಡುಗೋಲು ಕೆಳಗಿಟ್ಟಳು. ಈ ಸಲ ಗುದ್ದಲಿ ತಂದಿದ್ದಳು. ಬೇರು ಸಮೇತ ತೆಗೆಯದೆ ಬಿಟ್ಟರೆ ಮತ್ತೆ ಚಿಗುರುತ್ತದೆ, ಮತ್ತೆ ಕೈ ನಿಲ್ಲುತ್ತದೆ. ಗುದ್ದಲಿ ಎತ್ತಿದಳು.

“ತಡಿಯೇ.”

ಕೋಲೂರಿಕೊಂಡು ಅತ್ತೆ ಬರುತ್ತಿದ್ದರು. ಜ್ವರದ ನಂತರ ಇಷ್ಟು ದೂರ ನಡೆದದ್ದು ಅದೇ ಮೊದಲು. ಗೋಡೆ ಹಿಡಿದು ನಿಂತು ಉಸಿರೆಳೆದುಕೊಂಡು ಗಿಡವನ್ನು ಮೇಲಿಂದ ಕೆಳಗೆ, ಬೀಗರ ಮನೆಯವರನ್ನು ನೋಡುವಂತೆ ನೋಡಿದರು.

“ಇದೇನಾ?”

“ಇದೇ.”

“ನನ್ನ ಮೊಮ್ಮಗಳ ಅನ್ನ.” ಅತ್ತೆ ಬಗ್ಗಿ ಬುಡದ ಒಂದು ಎಲೆ ಕಿತ್ತರು. ಹಾಲು ಜಿನುಗಿ ಬೆರಳಿಗಂಟಿತು. “ನಾನೂ ನೋಡೇಬಿಡ್ತೀನಿ ಇದರ ಗಮ್ಮತ್ತು. ಹೇಗೂ ಕಾಗದ ಅಗಿಯೋದು ತಾನೆ.”

ಕಚ್ಚಿದರು. ಅಗಿದರು. ಸೊಸೆ ಗುದ್ದಲಿ ಹಿಡಿದೇ ನಿಂತಿದ್ದಳು. ಒಂದು ಬಸ್ಸು ಶೆಡ್ಡಿನೊಳಗೆ ಕೆಮ್ಮಿ ಕೆಮ್ಮಿ ಶುರುವಾಯಿತು. ಅತ್ತೆಯ ಹುಬ್ಬು ಗಂಟಾಯಿತು, ಆಮೇಲೆ ಒಂದು ಕಣ್ಣು ಮುಚ್ಚಿತು, ಮೂಗು ಸೊಟ್ಟಗಾಯಿತು, ಇಡೀ ಮುಖ ಹಿಂಡಿದ ಬಟ್ಟೆಯಂತೆ ಸುತ್ತಿಕೊಂಡಿತು.

“ಥೂ! ಥೂ ಥೂ! ಅಯ್ಯೋ, ಕಹಿ ಕಣೇ!” ಎಂದು ಉಗುಳಿದರು. ಸೊಸೆಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು. “ಕಹಿ ಕಣೇ! ಏನು ಕಹಿ! ಇದನ್ನ ತಿನ್ನುತ್ತಿದ್ದೆಯಾ ನೀನು?” ಕಣ್ಣಲ್ಲಿ ನೀರು ಇಳಿಯುತ್ತಿತ್ತು, ನಗುತ್ತಲೂ ಇದ್ದರು. ಉಗುಳಿದ್ದು ಸಾಲದೆಂದು ಮತ್ತೆ ಬಗ್ಗಿ ಇನ್ನೊಂದು ಎಲೆ ಕಿತ್ತು ಬಾಯಿಗಿಟ್ಟುಕೊಂಡರು. ಮತ್ತೆ ಥೂ ಎಂದರು. ಅತ್ತೆಯ ಮುಖ ಅಷ್ಟು ಸೊಟ್ಟಗಾಗಿ, ಅಷ್ಟು ಚೆಲುವಾಗಿ ಸೊಸೆ ಎಂದೂ ಕಂಡಿರಲಿಲ್ಲ.

ಗೇಟಿನಿಂದ ಕಾವಲುಗಾರ ಇಣುಕಿದ. “ಏನಾಯ್ತಮ್ಮಾ?”

“ಕಹಿ ಕಣಪ್ಪ!” ಎಂದರು ಅತ್ತೆ, ಲಾಟರಿ ಬಂತು ಎನ್ನುವ ದನಿಯಲ್ಲಿ.

ಆಮೇಲೆ ಸೊಸೆಯ ಕೈಯಿಂದ ಗುದ್ದಲಿ ತೆಗೆದುಕೊಂಡು ಗೋಡೆಗೊರಗಿಸಿದರು. “ಇದನ್ನ ಕೀಳಬೇಡ. ಹೂ ಮಾತ್ರ ಬಿಡಬೇಡ. ದಿನಾ ಬಾ, ಬಿರಿಯೋ ಮೊದಲೇ ಒಂದೊಂದನ್ನೂ ಚಿವುಟಿ ಹಾಕು. ಒಂದು ದಿನ ಮಲಗಿಬಿಟ್ಟೆಯೋ, ನಾನೇ ಬಂದು ಗಿಡದ ಜತೆ ನಿನ್ನನ್ನೂ ಕಿತ್ತು ಹಾಕ್ತೀನಿ.”

“ಆಯ್ತು, ಅತ್ತೆ.”

“ಬೀಜ ಬಲಿತ ಮೇಲೆ ಡಬ್ಬಿಗೆ ನೀನೇ ಸುರಿ. ಕಲಕೋಕೆ ಕೆಳಗೆ ಏನೂ ಇಲ್ಲ. ಮೊದಲನೇದು ನಿನ್ನದೇ.”

ಅತ್ತೆ ಗೋಡೆ ಹಿಡಿದುಕೊಂಡು ಮನೆಯತ್ತ ಹೊರಟರು. ದಾರಿಯುದ್ದಕ್ಕೂ ನಾಲಿಗೆ ಚಪ್ಪರಿಸುವುದು ಕೇಳುತ್ತಿತ್ತು. ಸೊಸೆ ಗಿಡದ ಮುಂದೆ ಕೂತು ಕಡ್ಡಿಗಳನ್ನು ಒಂದೊಂದಾಗಿ ಬಗ್ಗಿಸಿ, ಅಂದು ಬಿರಿಯಬೇಕೆಂದು ನೀಲಿ ತುದಿ ತೋರಿಸುತ್ತಿದ್ದ ಮೊಗ್ಗುಗಳನ್ನೆಲ್ಲ ಚಿವುಟಿ ಮಡಿಲಿಗೆ ಹಾಕಿಕೊಂಡಳು. ನಾಳೆಗೆ ಮತ್ತೆ ಇಷ್ಟೇ ಇರುತ್ತವೆ. ನಾಳೆಯೂ ಬರಬೇಕು. ಮಂಜು ಬೀಳುವವರೆಗೆ ದಿನಾ ಬರಬೇಕು. ಅದೇನೂ ಹೆಚ್ಚಲ್ಲ ಅನ್ನಿಸಿತು. ಬೆರಳೆಲ್ಲ ಹಾಲಿನಿಂದ ಅಂಟಾಗಿತ್ತು. ಒರೆಸಿಕೊಳ್ಳಲು ಬಟ್ಟೆಯಿಲ್ಲದೆ ನೆಕ್ಕಿಕೊಂಡಳು. ಮೊದಲು ಏನೂ ಇರಲಿಲ್ಲ. ಆಮೇಲೆ ಗಂಟಲ ಬುಡದಿಂದ ಅದು ನಿಧಾನವಾಗಿ, ಎಂದಿನಂತೆ, ಬಂತು.